ಮೂರು ರೊಟ್ಟಿಯ ಸಮೀಕರಣ

೬ ಫೆಬ್ರುವರಿ ೧೯೬೨, ಮಂಗಳವಾರ

ಇವತ್ತೂ ರೊಟ್ಟಿ ಸಾಲಲಿಲ್ಲ. ದಾಂಡೇಲಿಯ ಹಸಿವೆಲ್ಲ ನಮ್ಮ ಖಾನಾವಳಿಗೇ ಬರುತ್ತದೆಯೋ ಏನೋ. ಮಾಲಕರು ಮಹಾಂತಪ್ಪನವರು ಹಣದ ಗಲ್ಲೆಯಿಂದಲೇ ಕೂಗಿದರು: "ಉಳವಪ್ಪ, ರೊಟ್ಟಿಗೆ ಕಾಲು ಬಂದಾವೇನು? ಮ್ಯಾಟ್ರಿಕ್ ಪಾಸಾದಾಂವ ಅದಿ, ಲೆಕ್ಕಾ ಹಚ್ಚು."
ಸಾಕಾಗಿದೆ. ನಾಳೆ ನೋಡಿದರಾಯಿತು.

೭, ಬುಧವಾರ, ಮಧ್ಯಾಹ್ನ ೪

ಬೀಜಗಣಿತ ಕೊನೆಗೂ ಕೆಲಸಕ್ಕೆ ಬಂತು. ರೊಟ್ಟಿ ಊಟಕ್ಕೆ ಮೂರು ರೊಟ್ಟಿ, ಅನ್ನದ ಊಟಕ್ಕೆ ಒಂದು — ಹಲಗೆಯ ಮೇಲೆ ಬರೆದವನು ನಾನೇ. ಎರಡಕ್ಕೂ ಒಂದೇ ಬಣ್ಣದ ಚೀಟಿ. ರೊಟ್ಟಿಯವರು ಕ್ಷ, ಅನ್ನದವರು ಯ ಎಂದಿರಲಿ. ಬಂದ ಚೀಟಿ ೬೦, ತೀರಿದ ರೊಟ್ಟಿ ೧೫೦.

ಕ್ಷ + ಯ = ೬೦
೩ಕ್ಷ + ಯ = ೧೫೦

ಕ್ಷ ೪೫, ಯ ೧೫. ಖುಷಿಯಾಯಿತು. ತಾಳೆ ನೋಡೋಣವೆಂದು ಲೋಟ ಎಣಿಸಿದೆ. ಮಜ್ಜಿಗೆ ಕೊಡುವುದು ಅನ್ನದವರಿಗೆ ಮಾತ್ರ... ಲೋಟ ೩೦! ಹಾಗಾದರೆ ರೊಟ್ಟಿಯವರೂ ೩೦. ೧೨೦ ರೊಟ್ಟಿ ಸಾಕಿತ್ತು. ಉಳಿದ ಮೂವತ್ತು ಎಲ್ಲಿ ಹೋದವು?

ಮಾಲಕರಿಗೆ ಹೇಳಿದೆ. ಒಲೆಯ ಕಡೆ ನೋಡಿದರು. ರೊಟ್ಟಿ ಬಡಿಯುವವಳೂ ಬಡಿಸುವವಳೂ ಸತ್ತೆವ್ವ. ಗಂಡನ ಕೈ ಮುರಿದಿದೆ, ಮನೆ ನಡೆಯುವುದು ಇವಳಿಂದ.
"ಮನಿಗೆ ಒಯ್ತಾಳ. ಶನಿವಾರದಿಂದ ಆಕಿ ಬ್ಯಾಡ."
ಬಾಯಿ ಮುಚ್ಚಿಕೊಂಡು ಇರಬೇಕಿತ್ತು.

೮, ಗುರುವಾರ

ನಿನ್ನೆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತೆ. ಎದ್ದು ಎದ್ದು ಬಡಿಸಬೇಡ, ಮೂರು ರೊಟ್ಟಿ ಒಮ್ಮೆಲೇ ಹಾಕು ಎಂದೆ. ಹೆಂಡತಿ ಗೋದುಬಾಯಿ ನಾಲ್ಕು ಹಾಕಿದಳು.
"ಮೂರು ಅಂದೆನಲ್ಲ?"
"ನನ್ನ ಗಂಡ ಇನ್ನೂ ಬದುಕ್ಯಾನ್ರಿ. ಮೂರು ಇಡೂದು ಸತ್ತವರ ಎಡಿಗೆ."
ಸತ್ತೆವ್ವನೂ ಹೀಗೇ ನಾಲ್ಕು ಹಾಕುತ್ತಿದ್ದರೆ?

೪ಕ್ಷ + ಯ = ೧೫೦. ಕ್ಷ ೩೦, ಯ ೩೦. ಲೋಟಕ್ಕೆ ಸರಿಯಾಗಿ ತಾಳೆ. ಸತ್ತೆವ್ವ ಒಂದು ಚೂರೂ ಕದ್ದಿಲ್ಲ. ಹುಟ್ಟಿದಾಗಿನಿಂದ ಉಣ್ಣುತ್ತಲೇ ಬಂದಿದ್ದೇನೆ, ಒಂದು ದಿನವೂ ಬಡಿಸಿಲ್ಲ. ಬಡಿಸಿದ್ದರೆ ಹಲಗೆಯ ಮೇಲೆ ಮೂರು ಎಂದು ಬರೆಯುತ್ತಿರಲಿಲ್ಲ. ನಾಚಿಕೆಯಾಗುತ್ತಿದೆ.

೯, ಶುಕ್ರವಾರ

ಮಾಲಕರಿಗೆ ಲೆಕ್ಕ ತೋರಿಸಿದೆ.
"ಕಳ್ಳಿ ಅಲ್ಲ, ಒಪ್ಪಿದೆ. ಆದರ ಮನಿ ಪದ್ಧತಿ ಮನ್ಯಾಗ. ಇಲ್ಲಿ ಮೂರ ಹಾಕೂದಾದ್ರ ಇರಲಿ."
"ಹಲಗಿ ಮ್ಯಾಲ ಎರಡು ಮಾಡೂಣ್ರಿ?"
"ಎರಡಕ್ಕ ಯಾರು ಬರ್ತಾರೋ?"

ಸತ್ತೆವ್ವನಿಗೆ ಹೇಳಿದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು.
"ಉಣ್ಣಾವ್ರು ಯಾರದೋ ಮನಿ ಮಕ್ಕಳ್ರಿ ಅಣ್ಣಾರ. ಬದುಕಿದಾವ್ರ ಮುಂದ ಮೂರು ಇಡಾಕ ನನ್ನ ಕೈ ಬರೂದಿಲ್ಲ."
"ನಿನ್ನ ಹೊಟ್ಟೀದು ನೋಡವ್ವಾ."
ಒಲೆ ಊದುತ್ತ ಕೂತಳು.

೧೦, ಶನಿವಾರ

ಸತ್ತೆವ್ವ ಗಂಡನನ್ನು ಕರೆದುಕೊಂಡು ಊರು ಬಿಟ್ಟು ತೇರಗಾಂವಕ್ಕೆ ಹೋದಳು. ಮಧ್ಯಾಹ್ನದ ರೊಟ್ಟಿ ಬಡಿದಿಟ್ಟೇ ಹೋಗಿದ್ದಾಳೆ. ೧೫೦.

೧೯, ಸೋಮವಾರ

ಇಷ್ಟು ದಿನ ಬರೆಯಲು ಮನಸ್ಸೇ ಬರಲಿಲ್ಲ. ಸತ್ತೆವ್ವನ ಜಾಗಕ್ಕೆ ಮಾಲವ್ವ ಎಂಬವಳು ಬಂದಿದ್ದಾಳೆ. ತಲೆ ಎತ್ತದೆ ಎಣಿಸಿ ಹಾಕುತ್ತಾಳೆ.

ಚೀಟಿ ೬೦. ಲೋಟ ೩೦. ರೊಟ್ಟಿ ೧೨೦. ಎಲ್ಲ ಸರಿ. ಮಾಲಕರು ಬೆನ್ನು ತಟ್ಟಿದರು: "ಶಾಣ್ಯಾ ಅದಿ ನೋಡು."

ಎಲ್ಲರದೂ ಆದಮೇಲೆ ನಾನು ಕೂತೆ. ನನ್ನ ತಟ್ಟೆಗೂ ಮೂರು ಬಿತ್ತು. ಹಸಿವಿತ್ತು. ಕೈ ಚಾಚಿದೆ, ಆದರೆ ತಟ್ಟೆ ಎಡೆಯಂತೆ ಕಂಡಿತು; ಮುಟ್ಟದೆ ಎದ್ದೆ.