ಎರಡು ಸಲ ಹೋದ ಚುಕ್ಕಿ

ಶಿಗ್ಗಾಂವಿ
೨೮ ಡಿಸೆಂಬರ್ ೧೯೬೯, ರವಿವಾರ

ಗೆಳತಿ ಮುಮ್ತಾಜಳಿಗೆ ಇಂದಿರೆಯ ಪ್ರೀತಿಯ ನಮಸ್ಕಾರ.

ಇಲ್ಲಿ ನಾನೂ ಅವ್ವನೂ ಸುಖವಾಗಿದ್ದೇವೆ. ನೀನು, ಮಜೀದರು, ಪುಟ್ಟ ಶಾಕೀರಾ ಸುಖವಾಗಿದ್ದೀರೆಂದು ಸವಣೂರಿನಿಂದ ನಿನ್ನ ತಂದೆಯವರು ಹೇಳಿ ಕಳಿಸುತ್ತಿರುತ್ತಾರೆ. ನಿನ್ನ ಕಾಗದ ಬಂದು ಏಳು ತಿಂಗಳಾಯಿತು. ಉತ್ತರ ಬರೆಯದೆ ಕೂತವಳು ನಾನು, ಆದ್ದರಿಂದ ಬೈಯುವ ಹಕ್ಕೆಲ್ಲ ನಿನ್ನದು. ಶಾಲೆಯ ಪರೀಕ್ಷೆ ಇತ್ತು, ಅವ್ವನ ಮೊಣಕಾಲು ಹಿಡಿದಿತ್ತು ಎಂದು ಏನಾದರೂ ಹೇಳಬಹುದಿತ್ತು. ಆದರೆ ಶಿಗ್ಗಾಂವಿಗೂ ನಿನ್ನ ಹುಲಗೂರಿಗೂ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿಯೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅದು ನನ್ನ ಕಥೆ. ಎಷ್ಟೋ ಸಲ ಕಾಗದ ತೆಗೆದುಕೊಂಡು ಕೂತು, ತಾರೀಖು ಬರೆದು, ಎದ್ದುಬಿಟ್ಟೆ.

ಕಳೆದ ವಾರ ಸಂತೆಯಲ್ಲಿ ಮಜೀದರು ಸಿಕ್ಕರು. ಅಂಗಡಿಗೆ ಬೆಲ್ಲ, ಮೆಣಸಿನಕಾಯಿ ಕೊಳ್ಳಲು ಬಂದಿದ್ದರು. ಮುಮ್ತಾಜ್ ಈಗ ಚುಕ್ಕಿ ನೋಡುತ್ತಾಳೋ ಇಲ್ಲವೋ ಎಂದು ಕೇಳಿದೆ. ಅವರು ಚೀಲದ ಬಾಯಿ ಕಟ್ಟುತ್ತ ಹೇಳಿದರು: "ದುರ್ಬೀನ ಅರಿವ್ಯಾಗ ಸುತ್ತಿ ಅಟ್ಟದ ಮ್ಯಾಲ ಇಟ್ಟಾಳ್ರಿ ಅಕ್ಕೋರ. ಯಾಕ ಅಂದ್ರ, ನನ್ನ ಕಣ್ಣ ಸುಳ್ಳ ಹೇಳ್ತಾವು ಅಂತಾಳ್ರಿ." ಅವತ್ತು ಕಾಯಿಪಲ್ಲೆ ಕೊಳ್ಳುವುದನ್ನೂ ಮರೆತು ಬರಿಚೀಲ ಹಿಡಿದು ಮನೆಗೆ ಬಂದೆ. ಅವ್ವ ಬೈದಳು.

ಮುಮ್ತಾಜ್, ಅದನ್ನು ಅಟ್ಟದಿಂದ ಇಳಿಸು. ಇದೊಂದನ್ನು ಕೇಳಲಿಕ್ಕೇ ಈ ಕಾಗದ. ಜನವರಿ ಹದಿನೆಂಟು, ರವಿವಾರ, ಸಂಕ್ರಾಂತಿ ಆದ ನಾಲ್ಕನೆಯ ದಿನ ಸಂಜೆ, ಚಂದ್ರ ಮತ್ತೆ ಕೃತ್ತಿಕೆಯ ಗುಂಪಿನೊಳಗೆ ಹಾಯುತ್ತಾನೆ. ಅವನ ಕಪ್ಪು ಅಂಚು ಒಂದೊಂದೇ ಚುಕ್ಕಿಯನ್ನು ನುಂಗುವ ಗಳಿಗೆಯನ್ನು ನಮ್ಮ ನಾಲ್ಕೂರ ಚುಕ್ಕಿ ಮಂಡಳಿಯವರು ಹಾನಗಲ್ಲು, ಸವಣೂರು, ಶಿಗ್ಗಾಂವಿ, ಹಿರೇಕೆರೂರು ಎಲ್ಲ ಕಡೆಯಿಂದಲೂ ಹಿಡಿಯಬೇಕು. ಸವಣೂರಿನ ಮಾಳಿಗೆಯ ಮೇಲೆ ನಿನ್ನ ತಂದೆ ರೇಡಿಯೋದ ಪೀಂ ಸದ್ದಿಗೆ ಹೊಂದಿಸಿದ ಗಡಿಯಾರ ಹಿಡಿದು ನಿಲ್ಲುತ್ತಾರೆ. ದುರ್ಬೀನಿಗೆ ಕಣ್ಣು ಹಚ್ಚಿ "ಹೋತು" ಎನ್ನಲು ನೀನು ಬೇಕು.

ಯುಗಾದಿ ವಾರದ ಆ ಸಂಜೆಯನ್ನು ನೀನು ಮರೆತಿರಲಾರೆ. ತವರಿಗೆ ಬಂದಿದ್ದೆ. ಕೃತ್ತಿಕೆಯ ಅಂಚಿನ ಆ ಸಣ್ಣ ಚುಕ್ಕಿಗೆ ಚಂದ್ರ ಮುಟ್ಟಿದಾಗ "ಹೋತು" ಅಂದೆಯಂತೆ, ಮರುಕ್ಷಣ "ಅಲ್ಲ, ಈಗ ಹೋತು" ಅಂದೆಯಂತೆ. ಚುಕ್ಕಿ ಒಮ್ಮೆಗೇ ಹೋಗಲಿಲ್ಲ, ಮೊದಲು ಅರ್ಧ ಹೋಯಿತು, ಕಣ್ಣು ಮುಚ್ಚಿ ತೆರೆಯುವಷ್ಟು ತಡೆದು ಉಳಿದರ್ಧ ಹೋಯಿತು ಎಂದು ನಮ್ಮ ವಹಿಯಲ್ಲಿ ನೀನು ಬರೆದೆ. ಹಾನಗಲ್ಲಿನಲ್ಲಿ ಅವತ್ತು ಮೋಡ. ಹಿರೇಕೆರೂರಿನಲ್ಲಿ ಸರಿಯಾಗಿ ಆ ಗಳಿಗೆಗೇ ಎತ್ತೊಂದು ಹಗ್ಗ ಬಿಡಿಸಿಕೊಂಡು, ಕರಬಸಪ್ಪನವರು ಚಂದ್ರನನ್ನು ಬಿಟ್ಟು ಅದರ ಹಿಂದೆ ಓಡಿದ್ದರು. ಹೀಗಾಗಿ ಆ ಚುಕ್ಕಿಯ ಮಟ್ಟಿಗೆ ವಹಿಯಲ್ಲಿ ನಿನ್ನ ಸಾಲಿನ ಎದುರಿಗೆ ನನ್ನ ಸಾಲೊಂದೇ: "ಒಮ್ಮೆಗೇ ಹೋಯಿತು." ಆಮೇಲೆ, ನಾವು ಲೆಕ್ಕ ಕಳಿಸುವ ಮುಂಬೈಯ ಹವ್ಯಾಸಿಗಳ ಸಂಘದವರು ನಿನ್ನ ಸಾಲು ಓದಿ, ಹೆಣ್ಣುಮಗಳ ಕಣ್ಣಲ್ಲಿ ನೀರು ಬಂದಿರಬೇಕು ಎಂದು ನಕ್ಕರೆಂದು ನಾನೇ ನಿನಗೆ ಹೇಳಿದೆ. ಅವತ್ತಿನಿಂದ ನೀನು ತಲೆ ಎತ್ತಿ ನೋಡಿಲ್ಲ.

ನಮ್ಮ ಮಂಡಳಿ ಹುಟ್ಟಿದ್ದು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಅಷ್ಟಗ್ರಹ ಕೂಡಿ ಜಗತ್ತು ಮುಳುಗುತ್ತದೆಂದು ಊರೂರಲ್ಲಿ ಹೋಮ ನಡೆದ ವರ್ಷವದು. ಹಾನಗಲ್ಲಿನ ಅಂಚೆ ಗುಮಾಸ್ತರು ಶ್ರೀಪಾದರಾಯರು, ಮನೆತನದಿಂದ ಪಂಚಾಂಗ ಹೇಳುವವರು, ಪತ್ರಿಕೆಗೆ ನಾಲ್ಕು ಸಾಲು ಬರೆದರು. ಹೆದರದೆ ಆಕಾಶ ನೋಡುವವರು ಈ ಸುತ್ತಿನಲ್ಲಿ ಯಾರಾದರೂ ಇದ್ದರೆ ದಯಮಾಡಿ ಕಾಗದ ಹಾಕಬೇಕು ಎಂದು. ಮೂರೇ ಮೂರು ಕಾಗದ ಬಂದವು. ಒಂದು ನನ್ನದು, ಒಂದು ಹತ್ತಿ ಬೆಳೆಯುವ ಕರಬಸಪ್ಪನವರದು, ಒಂದು ಗಡಿಯಾರ ರಿಪೇರಿಯ ಹುಸೇನಸಾಬರದು, ನಿನ್ನ ತಂದೆಯದು. ನಾನು ಮೊದಲ ಸಲ ನಿಮ್ಮ ಅಂಗಡಿಗೆ ಬಂದಾಗ ನೀನು ಸ್ಟೂಲಿನ ಮೇಲೆ ಕೂತು ಕೈಗಡಿಯಾರದ ಕೂದಲೆಳೆಯಂಥ ತಂತಿಯನ್ನು ಚಿಮಟದಿಂದ ಎತ್ತುತ್ತಿದ್ದೆ. ನಾನು ಉಸಿರು ಬಿಡಲೂ ಹೆದರಿ ಬಾಗಿಲಲ್ಲೇ ನಿಂತಿದ್ದೆ.

ನಿನ್ನ ತಂದೆಯಂಥವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಚಾಳೀಸಿನ ಗಾಜು, ತಗಡಿನ ಕೊಳವೆ, ಗಡಿಯಾರದ ಕೆಲಸಕ್ಕೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಇಷ್ಟರಲ್ಲೇ ನಾಲ್ಕೂರಿಗೆ ನಾಲ್ಕು ದುರ್ಬೀನು ಮಾಡಿಕೊಟ್ಟರು. ಐದನೆಯದು ನಿನ್ನ ಮದುವೆಗೆ. ಬೀಗರು ಅದನ್ನು ಅತ್ತರಿನ ಪೆಟ್ಟಿಗೆ ಎಂದುಕೊಂಡದ್ದನ್ನು ನೀನೇ ಹೇಳಿ ನಗಿಸಿದ್ದೆ. ಬಸ್ಸಿನ ಕಂಡಕ್ಟರನ ಚೀಲದಲ್ಲಿ ಊರಿಂದೂರಿಗೆ ತಿರುಗುವ ನಮ್ಮ ವಹಿಯ ಮೊದಲ ಪುಟದಲ್ಲಿರುವ ಒಂದೇ ಕಟ್ಟಳೆಯೂ ಅವರದೇ ಮಾತು: "ಕಂಡದ್ದ ಬರೀರಿ. ತಿಳದದ್ದ ಬರೀಬ್ಯಾಡ್ರಿ." ಅದನ್ನು ದುಂಡಗೆ ಬರೆದ ಕೈ ನನ್ನದು.

ಈ ಸಲದ ಕೂಟ ಹಿರೇಕೆರೂರಿನಲ್ಲಿ, ಕರಬಸಪ್ಪನವರ ಹೊಲದಲ್ಲಿ ಆಯಿತು. ಅವರ ತಾಯಿ ಹುಚ್ಚವ್ವ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿ ತಂದಿದ್ದರು. ನಾನು ಮೂರು ರೊಟ್ಟಿ ತಿಂದೆ. ಮಡಿಯ ಅವ್ವನಿಗೆ ಬಾಳೆಹಣ್ಣು ತಿಂದೆನೆಂದು ಹೇಳಿದ್ದೇನೆ, ನೀನು ಬಂದಾಗ ಬಾಯಿ ಬಿಡಬೇಡ. ಶ್ರೀಪಾದರಾಯರು ಸ್ವಲ್ಪ ಮಂಕಾಗಿದ್ದರು. ಚಂದ್ರನ ಮೇಲೆ ಮನುಷ್ಯ ನಡೆದಾಡಿ ಬಂದಾಯಿತು, ಇನ್ನು ನಮ್ಮ ಸೆಕೆಂಡಿನ ಲೆಕ್ಕ ಯಾರಿಗೆ ಬೇಕು ಎಂಬುದು ಅವರ ಚಿಂತೆ. ಕರಬಸಪ್ಪನವರು ಹತ್ತಿಯ ತೊಳೆ ಬಿಡಿಸುತ್ತ ಕೂತಿದ್ದವರು, ತಲೆ ಎತ್ತದೆ ಹೇಳಿದರು: "ಅವರು ಹೋಗಿ ಅಲ್ಲಿ ಮಣ್ಣ ತಂದ್ರು, ರಾಯರ. ಹಿರೇಕೆರೂರಾಗ ನಿಂತ್ರ ಚಂದ್ರ ಹೆಂಗ ಕಾಣ್ತಾನ ಅಂತ ಹೇಳಾಕ ನಾವ ಬೇಕಲ್ರಿ." ರಾಯರು ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಇನ್ನು ಹುಚ್ಚವ್ವನ ಮಾತು. ಹೊತ್ತು ಮುಳುಗಿ ಕೃತ್ತಿಕೆ ಮೂಡಲಲ್ಲಿ ಮೇಲೇರಿತ್ತು. ಬರಿಗಣ್ಣಿಗೆ ಎಷ್ಟು ಚುಕ್ಕಿ ಕಾಣುತ್ತವೆಂದು ಎಲ್ಲರನ್ನೂ ಕೇಳುವುದು ರಾಯರ ಚಟವಲ್ಲವೇ? ನಮಗೆಲ್ಲ ಆರು. ಹುಚ್ಚವ್ವ ಒಂಬತ್ತು ಎಂದರು. ಪುಸ್ತಕದಲ್ಲಿ ಆರೇ ಬರೆದಿದೆ, ಬಹಳವಾದರೆ ಏಳು ಎಂದು ರಾಯರು ಮೆಲ್ಲಗೆ ತಿದ್ದಿದರು. ಅಕ್ಷರ ಬಾರದ ಆ ಮುದುಕಿ ಸಿಟ್ಟಾಗಲಿಲ್ಲ. "ಪುಸ್ತಕ ಬರದಾಂವ ಚಾಳೀಸ ಹಾಕ್ಕೊಂಡಿದ್ದನೇನ?" ಎಂದು ಕೇಳಿ, ಕಂಬಳಿ ಹಾಸಿ, ಮೇಲೆ ನೋಡುತ್ತ ನೋಡುತ್ತ ಒಂಬತ್ತು ಜೋಳದ ಕಾಳು ಇಟ್ಟರು. ರಾಯರು ದುರ್ಬೀನು ನೋಡಿದರು, ಲಾಟೀನು ಹಿಡಿದು ಕಂಬಳಿ ನೋಡಿದರು, ಮತ್ತೆ ದುರ್ಬೀನು ನೋಡಿದರು. ಒಂಬತ್ತೂ ಕಾಳು ಎಲ್ಲಿರಬೇಕೋ ಅಲ್ಲಿಯೇ ಇದ್ದವು. ಪಂಚಾಂಗದ ಮನೆತನದ ಶ್ರೀಪಾದರಾಯರು ಎದ್ದು ಹುಚ್ಚವ್ವನ ಕಾಲು ಮುಟ್ಟಿದರು. ಎಪ್ಪತ್ತು ವರ್ಷದ ಕಣ್ಣು, ತನ್ನ ಕಣ್ಣನ್ನು ತಾನು ನಂಬುವ ಎದೆಗಾರಿಕೆ. ನನಗೆ ಆಕೆಯನ್ನು ಕಂಡು ಹೆಮ್ಮೆಯಾಯಿತು, ಆಮೇಲೆ ಬಹಳ ನಾಚಿಕೆಯಾಯಿತು.

ಮರುದಿನ ಬಸ್ಸಿನಲ್ಲಿ ನಿನ್ನ ತಂದೆ ನನ್ನ ಮುಂದಿನ ಸೀಟಿನಲ್ಲಿದ್ದರು. ಹಾವೇರಿ ಹತ್ತಿರ ಬಂದಾಗ ಹಿಂದೆ ತಿರುಗಿ ಹೇಳಿದರು: "ತಂತಿ ಸೊಟ್ಟ ಇದ್ರ ನನಗಿಂತ ಮೊದಲ ನಮ್ಮ ಮುಮ್ತಾಜಗ ಕಾಣ್ತಿತ್ರಿ ಅಕ್ಕೋರ. ಅಂಥಾ ಕಣ್ಣು ಒಂದ ಚುಕ್ಕಿ ಸಲುವಾಗಿ ಹೆಂಗ ಕೆಟ್ಟೂವು?" ನನ್ನ ಮೇಲೆ ಅವರಿಗೆ ಗುಮಾನಿ ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡಿದೆ.

ಉಳಿದಂತೆ ಊರಿನ ಸುದ್ದಿ ಹೆಚ್ಚಿಲ್ಲ. ಅವ್ವ ಸಂಕಷ್ಟಿಯ ಉಪವಾಸ ಬಿಟ್ಟಿಲ್ಲ. ಚಂದ್ರನ ಮೇಲೆ ಬೂಟು ಹಾಕಿಕೊಂಡು ನಡೆದರಲ್ಲ, ಇನ್ನೂ ಅವನಿಗೆ ಅರ್ಘ್ಯ ಕೊಡುತ್ತೀಯಾ ಎಂದು ಕೆಣಕಿದೆ. ಅವರು ನಡೆದದ್ದು ಬೇರೆ ಚಂದ್ರನ ಮೇಲೆ, ತನ್ನವನು ಹಾಗೆಯೇ ಇದ್ದಾನೆ ಎಂದಳು. ಶಾಲೆಯ ಹುಡುಗಿಯರಿಗೆ ಈಗ ಕೃತ್ತಿಕೆ, ರೋಹಿಣಿ, ಮೃಗಶಿರೆ ಗುರುತು ಸಿಗುತ್ತವೆ. ರೋಹಿಣಿ ತೋರಿಸಿದಾಗ ಒಬ್ಬಳು ರೋಹಿಣಿ ಮಳೆಯ ಗಾದೆ ನೆನೆದು, "ಓಣಿ ತುಂಬಾ ಜ್ವಾಳ ಮಾಡೂ ಚುಕ್ಕಿ ಇದ ಏನ್ರಿ?" ಎಂದು ಕೈ ಮುಗಿದಳು. ನೀನಿದ್ದಿದ್ದರೆ ಅವಳನ್ನು ಎತ್ತಿ ಮುದ್ದಾಡುತ್ತಿದ್ದೆ.

ಶಾಕೀರಾಗೆ ನನ್ನ ಆಶೀರ್ವಾದ. ಅವಳಿಗೆ ನಿನ್ನ ಕಣ್ಣೇ ಬರಲಿ, ಮತ್ತು ಆ ಕಣ್ಣಿನ ಮೇಲೆ ಯಾರ ಕೈಯೂ ಅಡ್ಡ ಬಾರದಿರಲಿ. ನಿನ್ನ ಅತ್ತೆಯವರಿಗೆ ಸಲಾಮು, ಮಜೀದರಿಗೆ ನಮಸ್ಕಾರ. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ಎಂದೆಂದಿಗೂ ನಿನ್ನ,
ಇಂದಿರಾಬಾಯಿ

ತಾ.ಕ.: ಕಾಗದ ಮಡಚಿದೆ, ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಿದರೆ ಇನ್ನೊಂದು ಏಳು ತಿಂಗಳು ಹೋಗುತ್ತದೆ.

ಮುಂಬೈಯವರು ನಗಲಿಲ್ಲ, ಮುಮ್ತಾಜ್. ನಿನ್ನ ಸಾಲು ಅವರಿಗೆ ಮುಟ್ಟಲೇ ಇಲ್ಲ. ಮಂಡಳಿಯ ಕಾರ್ಯದರ್ಶಿ ನಾನು. ಶುದ್ಧಪ್ರತಿ ಮಾಡುವಾಗ ಅದನ್ನು ಬಿಟ್ಟೆ, ವಹಿಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುವವಳ ಹಾಗೆ ಕೆಂಪು ಮಸಿಯಿಂದ ಗೆರೆ ಎಳೆದೆ. ಕಣ್ಣಲ್ಲಿ ನೀರು ಬಂದಿರಬೇಕು ಎಂಬ ಮಾತು ಯಾರೂ ಆಡಿದ್ದಲ್ಲ. ನಿನ್ನ ಬಾಯಿ ಮುಚ್ಚಿಸಲು ನಾನು ಕಟ್ಟಿದ್ದು.

ಈ ತಿಂಗಳು ಮುಂಬೈಯಿಂದ ಕಾಗದ ಬಂದಿದೆ. ಬೇರೆ ಊರಿನ ಯಾರೋ ಒಬ್ಬರು ಅದೇ ಚುಕ್ಕಿ ಎರಡು ಸಲದಲ್ಲಿ ಮರೆಯಾದದ್ದನ್ನು ಅಕ್ಟೋಬರಿನಲ್ಲಿ ಕಂಡರಂತೆ. ಅದು ಒಂದಲ್ಲ, ಅಕ್ಕಪಕ್ಕ ಇರುವ ಎರಡು ಚುಕ್ಕಿ ಇರಬೇಕು, ಮುಂಚೆ ಬೇರೆ ಯಾರಾದರೂ ಹೀಗೆ ಕಂಡಿದ್ದೀರಾ ಎಂದು ಕೇಳಿದ್ದಾರೆ. ನೀನು ಏಳು ತಿಂಗಳು ಮೊದಲೇ ಕಂಡಿದ್ದೆ.

ನಾನು ಯಾಕೆ ಹಾಗೆ ಮಾಡಿದೆನೆಂದು ಕೇಳುತ್ತೀ. ಆ ಸಂಜೆ ನಮ್ಮ ಮಾಳಿಗೆಯ ಮೇಲೆ ನನ್ನ ಕಣ್ಣಿಗೂ ಹಾಗೆಯೇ ಕಂಡಿತ್ತು. ಅರ್ಧ ಹೋಯಿತು, ತಡೆಯಿತು, ಉಳಿದರ್ಧ ಹೋಯಿತು. ಚಂದ್ರನಿಗೆ ಗಾಳಿಯಿಲ್ಲ, ಚುಕ್ಕಿ ಒಮ್ಮೆಗೇ ಹೋಗಬೇಕು ಎಂದು ಪುಸ್ತಕದಲ್ಲಿ ಓದಿದ್ದೆ. ಎವೆ ಮಿಟುಕಿರಬೇಕೆಂದುಕೊಂಡು "ಒಮ್ಮೆಗೇ ಹೋಯಿತು" ಎಂದು ಬರೆದೆ. ನಾಲ್ಕು ದಿನಕ್ಕೆ ವಹಿ ಸವಣೂರಿನಿಂದ ಮರಳಿ ಬಂತು, ನಿನ್ನ ಸಾಲು ಓದಿದೆ. ನನ್ನ ಸಾಲನ್ನು ಹೊಡೆದು ನಿಜ ಬರೆದಿದ್ದರೆ ಮುಗಿಯುತ್ತಿತ್ತು. ನಿನಗೆ ಚುಕ್ಕಿಗಳ ಹೆಸರು ಕಲಿಸಿದ ಅಕ್ಕೋರು ನಾನು, ನನ್ನ ಕೈಯಿಂದ ಅದಾಗಲಿಲ್ಲ. ನಿನ್ನದನ್ನು ಹೊಡೆದೆ.

ವಹಿಯನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಕೆಂಪು ಗೆರೆಯ ಅಡಿಯಲ್ಲಿ ನಿನ್ನ ಅಕ್ಷರ ಒಂದೂ ಅಳಿಸಿಲ್ಲ, ನೋಡು. ನಿನ್ನ ತಂದೆಗೂ ತೋರಿಸು. ಜನವರಿ ಹದಿನೆಂಟಕ್ಕೆ ನೀನು ಸವಣೂರಿನ ಮಾಳಿಗೆ ಹತ್ತಬೇಕು, ನನ್ನ ಜೊತೆ ಮಾತು ಬಿಟ್ಟರೂ ಹತ್ತಬೇಕು. ಮುಂಬೈಗೆ ನಿನ್ನೆಯೇ ಬರೆದು ಅಂಚೆಗೆ ಹಾಕಿದೆ, ಎರಡೇ ಸಾಲು:

ಮುಮ್ತಾಜಬೇಗಂ, ಸವಣೂರು: ಎರಡು ಸಲ ಹೋಯಿತು. ಕಂಡಳು, ಬರೆದಳು.
ಇಂದಿರಾಬಾಯಿ, ಶಿಗ್ಗಾಂವಿ: ಎರಡು ಸಲ ಹೋಯಿತು. ಕಂಡಳು, ಬರೆಯಲಿಲ್ಲ.