ನೀರು ಬಿಟ್ಟ ದಡ

ಅಘನಾಶಿನಿ ಅಳಿವೆ,
೨೨೧೪ನೆಯ ಇಸವಿ, ಹದಿಮೂರನೆಯ ತಿಂಗಳು

ನಾನು ಹುಟ್ಟುವ ಎಷ್ಟೋ ಮೊದಲೇ ತೀರಿಹೋದ ಹಿರಿಯರೇ,

ನೀವಿನ್ನೂ ಬದುಕಿರುವ ಕಾಲಕ್ಕೆ ಈ ಓಲೆ ಬರೆಯುತ್ತಿದ್ದೇನೆ, ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾವು ತಿಂಗಳನ್ನು ಉಬ್ಬರ ನೋಡಿ ಎಣಿಸುವವರು, ಹದಿಮೂರನೆಯದು ಮಹಾಉಬ್ಬರದ್ದು. ಆಗ ಕಡಲು ಹೊಳೆಯೊಳಕ್ಕೆ ನುಗ್ಗುತ್ತದೆ. ತೂಬಿನ ಚಕ್ರ ತಿರುಗಿಸಿ ಒಂದು ದಡದ ಗದ್ದೆಗಳಿಗೆ ಉಪ್ಪುನೀರು ಬಿಡಲೇಬೇಕು. ಬಿಡದಿದ್ದರೆ ಒಡ್ಡು ಒಡೆದು ಎರಡೂ ದಡದ ಮನೆಗಳು ಹೋಗುತ್ತವೆ. ನಾಳೆ ಆ ಚಕ್ರ ನನ್ನ ಕೈಗೆ ಬರುತ್ತದೆ.

ಅದಕ್ಕೇ ಇವತ್ತು ಅಜ್ಜಿ ಹೊನ್ನಮ್ಮ ಬಹಳ ನೆನಪಾಗುತ್ತಿದ್ದಾಳೆ. ಅವಳ ಸೆರಗಿಗೆ ಸದಾ ಒಣಸೀಗಡಿಯ ವಾಸನೆ. ಯಾರಾದರೂ ನ್ಯಾಯದ ಮಾತೆತ್ತಿದರೆ ಹೆಣೆಯುತ್ತಿದ್ದ ಚಾಪೆ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದಳು. ಕಾರಣ ನನ್ನ ಅಜ್ಜ ತಿಮ್ಮಣ್ಣ. ಚಕ್ರ ತನ್ನ ಕೈಗೆ ಬಂದ ವರ್ಷ, ಯಾರಿಗೂ ಬೇಸರವಾಗಬಾರದೆಂದು ಆ ಪುಣ್ಯಾತ್ಮ ಎರಡೂ ಕಡೆ ಅರ್ಧರ್ಧ ನೀರು ಬಿಟ್ಟ. ಎರಡು ದಡದಲ್ಲೂ ಬೀಜಕ್ಕೆಂದು ಒಂದು ಹಿಡಿ ಭತ್ತ ಉಳಿಯಲಿಲ್ಲ. ಅಜ್ಜ ಮಾತ್ರ ಎಲ್ಲರಿಗೂ ಒಳ್ಳೆಯವನಾಗಿ ಉಳಿದ.

ಮುಂದಿನ ಸಲ ಚಕ್ರ ಅಜ್ಜಿಯ ಪಾಲಿಗೆ ಬಂತು. ಬೇರೆ ಊರಿನಿಂದ ಬೇಡಿ ತಂದ ಬಿತ್ತನೆ ಭತ್ತ ಅವಳಿದ್ದ ಪಡುದಡದಲ್ಲಿ ಬೆಳೆಯುತ್ತಿತ್ತು. ಮೂಡುದಡದವರ ತಪ್ಪೇನೂ ಇರಲಿಲ್ಲ, ಆದರೂ ನೀರನ್ನು ಅವರ ಕಡೆಗೇ ಬಿಟ್ಟಳು. ಮರುದಿನ ಚಾಪೆ, ತಂಬಿಗೆ ಹಿಡಿದು ಅಲ್ಲಿಗೇ ಹೋದಳು. ಯಾರೂ ಬಾಗಿಲು ತೆರೆಯಲಿಲ್ಲ. ಸಂಜೆ, ಗದ್ದೆ ಕಳೆದುಕೊಂಡಿದ್ದ ಬೀರಮ್ಮ ಎಂಬವಳು ಗಂಜಿ ತಂದಿಟ್ಟು, "ಉಪ್ಪು ಹಾಕ್ಲಿಲ್ಲ. ನೀನೇ ಬೇಕಾದಷ್ಟು ಬಿಟ್ಟಿದ್ಯಲ್ಲ," ಅಂದಳಂತೆ. ಅಜ್ಜಿ ತಲೆತಗ್ಗಿಸಿ ಉಂಡಳು. ಮುಂದಿನ ಬೆಳೆ ಬರುವವರೆಗೆ ಅಲ್ಲೇ ಇದ್ದು ಅವರೊಡನೆ ದುಡಿದಳು. ಇದನ್ನೀಗ ದಡವಾಸ ಎನ್ನುತ್ತೇವೆ. ಚಕ್ರ ತಿರುಗಿಸಿದ ಯಾರಿಗೂ ಅದು ತಪ್ಪಿದ್ದಲ್ಲ.

ಚಿಕ್ಕವಳಿದ್ದಾಗ ಅಜ್ಜಿಯೊಡನೆ ಬೀರಮ್ಮನ ಜಗಲಿಗೆ ಹೋಗುತ್ತಿದ್ದೆ. ಇಬ್ಬರು ಮುದುಕಿಯರೂ ಸುಟ್ಟ ಬಂಗಡೆ ತಿನ್ನುತ್ತಾ ಅದೇ ಹಳೆಯ ನೀರಿಗಾಗಿ ಮತ್ತೆ ಜಗಳವಾಡುತ್ತಿದ್ದರು.

ನಾನು ಮದುವೆಯಾಗಿ ಮೂಡುದಡ ಸೇರಿದವಳು. ಈ ಸಲ ಬಿತ್ತನೆ ಭತ್ತ ಇಲ್ಲಿದೆ. ಪಡುದಡದಲ್ಲಿ ನನ್ನ ತವರಿದೆ, ಅಣ್ಣನ ಗದ್ದೆಯಿದೆ. ಆ ಕಡೆ ಬಿಟ್ಟರೆ ತವರನ್ನೇ ಹಾಳುಮಾಡಿದಳು ಎನ್ನುತ್ತಾರೆ. ಈ ಕಡೆ ಬಿಟ್ಟರೆ ತವರಿಗಾಗಿ ಬೀಜ ಕಳೆದಳು ಎನ್ನುತ್ತಾರೆ. ನಾನು ಪಡುದಡಕ್ಕೇ ಬಿಡುತ್ತೇನೆ. ಸರಿಯೆಂಬ ಸಮಾಧಾನ ನನಗಿಲ್ಲ.

ನಿಮ್ಮ ಕೈಯಲ್ಲೂ ಇಂಥ ಚಕ್ರಗಳಿವೆ, ಬಲ್ಲೆ. ಯಾವ ಕಡೆ ತಿರುಗಿಸಿದಿರೆಂದು ನಾನು ಕೇಳುವುದಿಲ್ಲ. ನೀರು ಬಿಟ್ಟ ಮೇಲೆ ಆ ದಡಕ್ಕೆ ಹೋಗಿ, ಅವರು ಕೊಟ್ಟದ್ದನ್ನು ಉಣ್ಣಿ, ಇಷ್ಟೇ ಕೋರಿಕೆ. ಅಜ್ಜಿಯ ಚಾಪೆ ಸುತ್ತಿಟ್ಟಿದ್ದೇನೆ. ಅಣ್ಣ ಬಾಗಿಲು ತೆರೆಯುತ್ತಾನೋ ಇಲ್ಲವೋ, ನಾಡಿದ್ದು ತವರಿಗೆ ಹೊರಡುತ್ತೇನೆ.

ಹೊನ್ನಮ್ಮನ ಮೊಮ್ಮಗಳು,
ನಾಗವೇಣಿ