ಶುಕ್ರವಾರಕ್ಕೆ ಬೇರೆ ಹುಡುಗ

ಅಕ್ಟೋಬರ್ ೧೪, ಮಂಗಳವಾರ

ನಮ್ಮ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡ ಐದು ಪಂದ್ಯ ಸೋತ ಮೇಲೆ ಊರಲ್ಲೆಲ್ಲ ಒಂದೇ ಮಾತು: ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಬದಲಾಯಿಸಿ. ಬೆಳಿಗ್ಗೆ ಕಾಫಿ ತಂದಿಟ್ಟ ಹೋಟೆಲಿನ ವಿಲ್ಮಾ ಕೂಡ ಬಿಡಲಿಲ್ಲ. "ಆ ಗ್ಯಾರೆಟ್ ಕೈಲಿ ಚೆಂಡೇ ನಿಲ್ಲಲ್ಲ ಕಣ್ರೀ ಕೋಚ್. ಇನ್ನೂ ಯಾಕ್ರೀ ಮುದ್ದು ಮಾಡ್ತೀರ?"

ನನಗೂ ಸಾಕಾಗಿತ್ತು. ಅಭ್ಯಾಸ ಮುಗಿದ ಮೇಲೆ ಬದಲಿ ಹುಡುಗ ಎಮ್ಮೆಟ್‌ನನ್ನು ಕರೆದು, ಶುಕ್ರವಾರ ಗ್ಯಾರೆಟ್ ಜಾಗದಲ್ಲಿ ನೀನು ಆಡು ಎಂದೆ. ಕುಣಿದಾಡುತ್ತಾನೆ ಅಂದುಕೊಂಡಿದ್ದೆ. ಬೂಟಿನ ಮಣ್ಣು ಕೆರೆಯುತ್ತಾ ನಿಂತ.

"ನನ್ನ ಮುಂದೆ ನಿಂತು ಎದುರಾಳಿಗಳನ್ನ ತಡೆಯೋರು ಅದೇ ಐದು ಜನಾನಾ ಸಾರ್?"

"ಬೇರೆ ಯಾರಿದಾರೋ?"

"ಹಾಗಾದ್ರೆ ಒದೆ ತಿನ್ನೋನು ಮಾತ್ರ ಬದಲಾಗ್ತಾನೆ, ಅಷ್ಟೇ."

ಉಕ್ಕಿನ ಕಾರ್ಖಾನೆ ಮುಚ್ಚಿದಾಗ ಗಟ್ಟಿಮುಟ್ಟಾದ ಹುಡುಗರ ಮನೆಯವರೆಲ್ಲ ಊರು ಬಿಟ್ಟರು. ಉಳಿದ ಪೀಚಲು ಹುಡುಗರೇ ಆ ಐದು ಜನರ ಸಾಲು. ಚೆಂಡು ಕೈಗೆ ಬರುವಷ್ಟರಲ್ಲಿ ಎದುರಾಳಿಗಳು ಗ್ಯಾರೆಟ್ ಮೇಲೆ ಬಿದ್ದಿರುತ್ತಾರೆ.

ಆಮೇಲೆ ಗ್ಯಾರೆಟ್‌ಗೆ ಹೇಳಿದೆ. ಅವನು ಜಗಳವಾಡಲಿಲ್ಲ. ಅಂಗಿ ಎತ್ತಿದ. ಎಡಪಕ್ಕೆ ಪೂರ್ತಿ ಕಪ್ಪಗೆ ಕಂದಿತ್ತು.

"ಉಸಿರೆಳೆದ್ರೆ ನೋಯುತ್ತೆ ಸಾರ್. ಹೇಳಿದ್ರೆ ಹೆದರಿ ಬಿಟ್ಟ ಅಂತಾರೆ ಅಂತ ಸುಮ್ನಿದ್ದೆ."

ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ. ಅಲ್ಲಿಗೆ ಬಂದ ಅವನ ತಾಯಿ ನನ್ನ ಮುಖ ನೋಡಲಿಲ್ಲ.

ಮನೆಗೆ ಬರುವಷ್ಟರಲ್ಲಿ ಪ್ರಿನ್ಸಿಪಾಲರ ಫೋನು. "ಅಂತೂ ಬದಲಾಯಿಸಿದ್ರಂತೆ! ಊರೆಲ್ಲ ಖುಷಿಯಾಗಿದೆ ಮಾರಾಯ್ರೇ."

ಎಮ್ಮೆಟ್ ಗ್ಯಾರೆಟ್‌ಗಿಂತ ಚೆನ್ನಾಗಿ ಎಸೆಯುವುದಿಲ್ಲ, ಅವನಷ್ಟು ಓಡುವುದೂ ಇಲ್ಲ. ಆದರೆ ಎಮ್ಮೆಟ್‌ನ ಮೂಳೆಗಳು ಇನ್ನೂ ಮುರಿದಿಲ್ಲ. ಶುಕ್ರವಾರ ಅವನನ್ನು ಮೈದಾನಕ್ಕೆ ಇಳಿಸಲು ನನ್ನ ಹತ್ತಿರ ಇರುವ ಕಾರಣ ಅದೊಂದೇ.